ಹಳೆಯ ಕಾರಿಗೆ ಹೊಸ ವಾಯುಶೋಧಕ

ಗಾಳಿ ಬಂದಾಗ ತೂರಿಕೊಳ್ಳಬೇಕೆಂಬುದು ಒಕ್ಕಲಿಗರ ಮಾತು. ಕಾರಿನ ಎಂಜಿನ್ನಿಗಾದರೋ ಗಾಳಿಯನ್ನೇ ತೂರಿ ಕೊಡಬೇಕಾಗಿದೆ. ಒಂದು ಲೀಟರ್ ಪೆಟ್ರೋಲು ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ಅದಷ್ಟೂ ಏರ್ ಫಿಲ್ಟರ್ ಎಂಬ ವಾಯುಶೋಧಕದ ಮೂಲಕವೇ ಒಳಗೆ ಹೋಗತಕ್ಕದ್ದು.

ಹೊಳಲಿನ ನಮ್ಮ ಮನೆಯಲ್ಲಿರುವುದು 2004ನೆಯ ಇಸವಿಯ ಮಾರುತಿ 800. ಕಾರ್ಬ್ಯುರೇಟರಿಗೆ ಬದಲಾಗಿ ಪೆಟ್ರೋಲನ್ನು ಅಳೆದು ಸಿಂಪಡಿಸುವ ಇಂಜೆಕ್ಷನ್ ಪದ್ಧತಿಯದು. ಅದು ನಮಗೆ ಶೋಭೆಯ ವಸ್ತುವಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ನಮ್ಮ ಮನೆಯವರಿಗೆ ಉಬ್ಬಸ ಹೆಚ್ಚಿದರೆ ಹೂವಿನಹಡಗಲಿಯ ಆಸ್ಪತ್ರೆಗೆ ಮುಟ್ಟಿಸುವ ವಾಹನ.

ಕಳೆದ ಮಾಘಮಾಸದಲ್ಲಿ ನಮ್ಮ ಮಗನು ಪೇಟೆಯಿಂದ ಹತ್ತಿಬಟ್ಟೆಯ ಶೋಧಕವೊಂದನ್ನು ತಂದನು. “ಅಪ್ಪಾ, ಇದನ್ನು ತೊಳೆದು ಮತ್ತೆ ಮತ್ತೆ ಹಾಕಬಹುದು, ಶಕ್ತಿಯೂ ಹೆಚ್ಚುತ್ತದೆ, ಪೆಟ್ರೋಲೂ ಉಳಿಯುತ್ತದೆ” ಎಂದನು. ನಾವೂ ಒಪ್ಪಿ, ಕಾಗದದ್ದನ್ನು ತೆಗೆದು ಇದನ್ನು ಕೂಡಿಸಿದೆವು. ಭರತ ಹುಣ್ಣಿಮೆಯ ಮೈಲಾರದ ಜಾತ್ರೆಗೆ ಹೋದಾಗ, ಬಂಡಿಗಳೂ ಟ್ರ್ಯಾಕ್ಟರುಗಳೂ ಎಬ್ಬಿಸಿದ ಧೂಳಿನಲ್ಲಿ ಮುಂದಿನ ದಾರಿಯೇ ಕಾಣದಾಯಿತು. ಮನೆಗೆ ಬಂದು ಶೋಧಕದ ಪೆಟ್ಟಿಗೆಯನ್ನು ತೆರೆದು, ಎಂಜಿನ್ನಿನ ಕಡೆಯ ಕೊಳವೆಯನ್ನು ಬಿಳಿಯ ಬಟ್ಟೆಯಿಂದ ಒರೆಸಿದೆವು. ಬಟ್ಟೆಯ ಮೇಲೆ ನುಣ್ಣನೆಯ ಧೂಳು ಮೂಡಿತು! ಶೋಧಕದ ರಬ್ಬರಿನ ಅಂಚು ಒಂದು ಮೂಲೆಯಲ್ಲಿ ಪೆಟ್ಟಿಗೆಗೆ ಕೂಡಿರಲಿಲ್ಲ.

ಮನೆಯವರು ಅದನ್ನು ನೋಡಿ, “ಸಾಣಿಗೆಯ ಅಂಚೇ ಬಿಟ್ಟಿದ್ದರೆ ಹಿಟ್ಟು ಸೋಸಿದ ಹಾಗಾಯಿತೇನ್ರಿ?” ಎಂದರು. ನಾವು ನಿರುತ್ತರರಾದೆವು.

ಧೂಳಿನಲ್ಲಿರುವ ಮರಳಿನ ಕಣಗಳು ಸಿಲಿಂಡರಿನ ಗೋಡೆಯನ್ನೂ ಪಿಸ್ಟನ್ನಿನ ಉಂಗುರಗಳನ್ನೂ ಸವೆಯಿಸುತ್ತವೆ. ಆ ಮೇಲೆ ಎಂಜಿನ್ ಎಣ್ಣೆಯೇ ಉರಿದು ನೀಲಿ ಹೊಗೆ ಕಾಣಿಸುವುದು. ಇಷ್ಟು ನಷ್ಟಕ್ಕೆ ಪ್ರತಿಯಾಗಿ ದೊರೆಯುವ ಲಾಭವೆಷ್ಟು? ಇಂಜೆಕ್ಷನ್ ಕಾರಿನ ಗಣಕವು ಒಳಬಂದ ಗಾಳಿಗೆ ತಕ್ಕಷ್ಟೇ ಪೆಟ್ರೋಲನ್ನು ಬಿಡುತ್ತದೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಶಾಲೆಯವರು 2009ರಲ್ಲಿ ಪರೀಕ್ಷಿಸಿದಾಗ, ಇಂಥ ಕಾರುಗಳಲ್ಲಿ ಶೋಧಕವು ಕಟ್ಟಿಕೊಂಡಿದ್ದರೂ ಪೆಟ್ರೋಲಿನ ಖರ್ಚು ಗಣನೀಯವಾಗಿ ಹೆಚ್ಚಲಿಲ್ಲ. ವೇಗವೇರುವುದು ಮಾತ್ರ ನಿಧಾನವಾಯಿತು. ಹೀಗಿರಲು ಶೋಧಕವನ್ನು ಬದಲಿಸಿದ ಮಾತ್ರಕ್ಕೆ ಪೆಟ್ರೋಲು ಉಳಿಯುವುದೆಂಬುದು ದುರಾಶೆಯೇ ಸರಿ. ಪೆಟ್ಟಿಗೆಯಿಲ್ಲದೆ ಬಾನೆಟ್ಟಿನೊಳಗೆ ತೆರೆದಿಡುವ ಶೋಧಕವಂತೂ ಎಂಜಿನ್ನಿನ ಬಿಸಿಗಾಳಿಯನ್ನೇ ಸೇದುತ್ತದೆ. ಬಿಸಿಗಾಳಿಯು ವಿರಳವಾದುದರಿಂದ ಶಕ್ತಿಯು ಕುಂದುವುದೇ ಹೊರತು ಹೆಚ್ಚದು.

ಆದರೂ ಬಟ್ಟೆಯ ಶೋಧಕವೇ ಬೇಕೆನ್ನುವವರು ಕೆಲವು ಸಂಗತಿಗಳನ್ನು ಗಮನಿಸಬೇಕು. ಎಂಜಿನ್ ತಣ್ಣಗಾದ ಮೇಲೆಯೇ ಪೆಟ್ಟಿಗೆಯನ್ನು ತೆರೆಯಬೇಕು. ಕೊಳವೆಯ ಬಾಯಿಗೆ ಬಟ್ಟೆ ತುರುಕಿ, ಒಳಗಿನ ಧೂಳನ್ನು ಒದ್ದೆಬಟ್ಟೆಯಿಂದ ಒರೆಸಿ, ತುರುಕಿದ ಬಟ್ಟೆಯನ್ನು ಮರೆಯದೆ ಹೊರತೆಗೆಯಬೇಕು. ಅಂಚನ್ನು ಸುತ್ತಲೂ ಬೆರಳಾಡಿಸಿ ನೋಡಿ, ಕ್ಲಿಪ್ಪುಗಳನ್ನು ಬಿಗಿಯಾಗಿ ಹಾಕಬೇಕು. ತೊಳೆದ ಶೋಧಕವನ್ನು ನೆರಳಿನಲ್ಲಿ ಪೂರ್ಣವಾಗಿ ಆರಿಸಿ, ಅದಕ್ಕೆಂದೇ ಮಾರುವ ಎಣ್ಣೆಯನ್ನು ಮಿತವಾಗಿ ಹಚ್ಚಬೇಕು. ಎಣ್ಣೆ ಹೆಚ್ಚಾದರೆ, ಕೆಲವು ಕಾರುಗಳಲ್ಲಿ ಗಾಳಿಯನ್ನಳೆಯುವ ಬಿಸಿತಂತಿಗೆ ಅದು ಅಂಟಿಕೊಂಡು ಲೆಕ್ಕವೇ ತಪ್ಪುವುದು. ಆ ಮೇಲೆ ಆಗಾಗ ಕೊಳವೆಯನ್ನು ಬಿಳಿಯ ಬಟ್ಟೆಯಿಂದ ಒರೆಸಿ ಪರೀಕ್ಷಿಸಬೇಕು.

ನಾವಾದರೋ ಆ ಕಾರಿಗೆಂದೇ ಮಾಡಿದ ಕಾಗದದ ಶೋಧಕವನ್ನು ಹೊಸದಾಗಿ ತಂದು ಕೂಡಿಸಿದೆವು. ತಿಂಗಳು ಕಳೆದ ಮೇಲೆ ಮಗನ ಕೈಗೇ ಬಟ್ಟೆಯನ್ನು ಕೊಟ್ಟು ಒರೆಸಿ ನೋಡೆಂದೆವು. ಒರೆಸಿದನು, ಬಟ್ಟೆ ಬಿಳಿಯದಾಗಿಯೇ ಇತ್ತು.