ಉಚಿತ ಉಪಗ್ರಹ ವಾಹಿನಿಗಳೂ ಅವುಗಳನ್ನು ಶೋಧಿಸುವ ಗ್ರಾಹಕಯಂತ್ರಗಳೂ

1975ನೆಯ ಇಸವಿಯ ಆಗಸ್ಟ್ 1ರಂದು ಗುಲ್ಬರ್ಗಾ, ರಾಯಚೂರು ಹಾಗೂ ವಿಜಾಪುರ ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ಒಂದು ವಿಲಕ್ಷಣ ದೃಶ್ಯ ಕಂಡುಬಂದಿತು. ಶಾಲೆಯ ಅಥವಾ ಪಂಚಾಯತಿಯ ಕಟ್ಟಡದ ಬಳಿ ಮೂರು ಮೀಟರು ಅಗಲದ, ಕೋಳಿಗೂಡಿಗೆ ಬಳಸುವಂತಹ ತಂತಿಬಲೆಯಿಂದ ಹೆಣೆದ ಬೋಗುಣಿಯೊಂದು ಪಶ್ಚಿಮ ದಿಕ್ಕಿನ ಆಕಾಶಕ್ಕೆ ಮುಖವೆತ್ತಿ ನಿಂತಿತ್ತು. ಅದರಿಂದ ಇಳಿದ ತಂತಿ ಒಳಗಿದ್ದ ಪೆಟ್ಟಿಗೆಯನ್ನು ಸೇರಿತ್ತು. ಪೆಟ್ಟಿಗೆಯ ಗಾಜಿನ ಮೇಲೆ ಕಪ್ಪು ಬಿಳುಪಿನ ಚಿತ್ರಗಳು ಚಲಿಸುತ್ತ ಕನ್ನಡದಲ್ಲಿ ಮಾತನಾಡುತ್ತಿದ್ದವು. ರಾಜಧಾನಿಯಾದ ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದುದು 1981ರಲ್ಲಿ. ಆದುದರಿಂದ ಹಿಂದುಳಿದ ಸೀಮೆಯೆಂದು ಹೆಸರಾದ ಈ ಭಾಗದ ರೈತಾಪಿ ಜನ ಬೆಂಗಳೂರಿನವರಿಗಿಂತ ಆರು ವರ್ಷ ಮುಂಚಿತವಾಗಿ ದೂರದರ್ಶನವನ್ನು ಕಂಡರೆಂಬುದು ಇತಿಹಾಸದ ಒಂದು ವಿನೋದವೇ ಸರಿ.

ಈ ಪ್ರಯೋಗಕ್ಕೆ ‘ಸೈಟ್’ ಎಂದು ಹೆಸರು. ಡಾ. ವಿಕ್ರಮ್ ಸಾರಾಭಾಯಿಯವರು ಕನಸು ಕಂಡ, ಭಾರತವೂ ಅಮೆರಿಕದ ನಾಸಾ ಸಂಸ್ಥೆಯೂ 1969ರಲ್ಲಿ ಮಾಡಿಕೊಂಡ ಒಪ್ಪಂದದಿಂದ ರೂಪುಗೊಂಡ ಯೋಜನೆಯಿದು. 1971ರಲ್ಲಿಯೇ ತೀರಿಕೊಂಡ ಸಾರಾಭಾಯಿಯವರಿಗೆ ಇದನ್ನು ಕಣ್ಣಾರೆ ಕಾಣುವ ಭಾಗ್ಯವಿರಲಿಲ್ಲ. ನಾಸಾದ ಎಟಿಎಸ್-6 ಎಂಬ ಉಪಗ್ರಹವನ್ನು ಆಫ್ರಿಕದ ಪೂರ್ವಭಾಗದ ಮೇಲೆ, 35 ಡಿಗ್ರಿ ಪೂರ್ವ ರೇಖಾಂಶದಲ್ಲಿ ನೆಲೆಗೊಳಿಸಿ, ಒಂದು ವರ್ಷದ ಅವಧಿಗೆ ಭಾರತಕ್ಕೆ ಒದಗಿಸಲಾಯಿತು. ಅಹಮದಾಬಾದಿನ ಭೂಕೇಂದ್ರದಿಂದ ಮೇಲೇರಿದ ಕಾರ್ಯಕ್ರಮ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಇಳಿಯುತ್ತಿತ್ತು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ. ಸಂಜೆ ಹಿರಿಯರಿಗೆ ಬೇಸಾಯ, ಆರೋಗ್ಯ, ಮನರಂಜನೆ. ಚಿತ್ರವೊಂದಕ್ಕೆ ಎರಡು ಧ್ವನಿಮಾರ್ಗಗಳನ್ನು ಜೋಡಿಸಬಹುದಾಗಿದ್ದುದರಿಂದ ಒಂದೇ ದೃಶ್ಯಕ್ಕೆ ಎರಡು ಭಾಷೆಗಳಲ್ಲಿ ಮಾತನ್ನು ಕೂಡಿಸಲು ಸಾಧ್ಯವಿತ್ತು. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು, ಉಪಗ್ರಹ ಮರಳಿಹೋಯಿತು. ಮರುವರ್ಷ, 1977ರಲ್ಲಿ, ಗುಲ್ಬರ್ಗೆಯಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಆರಂಭವಾಯಿತು.

ಆ ಗ್ರಾಹಕಯಂತ್ರದಲ್ಲಿ ಆಯ್ಕೆಯ ಮಾತೇ ಇರಲಿಲ್ಲವೆಂಬುದು ಗಮನಾರ್ಹ. ಒಂದೇ ಉಪಗ್ರಹ, 860 ಮೆಗಾಹರ್ಟ್ಸ್‌ನ ಒಂದೇ ಆವರ್ತನ, ಒಂದೇ ವಾಹಿನಿ. ಯಂತ್ರವನ್ನು ಹೈದರಾಬಾದಿನ ಇಸಿಐಎಲ್ ಕಾರ್ಖಾನೆ ತಯಾರಿಸಿತ್ತು. ಕೂಡಿಸುವವರು ಬಂದು ಕೂಡಿಸಿ ಹೋಗುತ್ತಿದ್ದರು. ನೋಡುವವನು ಮಾಡಬೇಕಾದುದು ಗುಂಡಿಯನ್ನು ತಿರುಗಿಸುವುದಷ್ಟೆ. ಇಂದು ಶಹಾಪುರದ ಪೇಟೆಗೋ ಸುರಪುರದ ಪೇಟೆಗೋ ಹೋಗಿ ‘ತಿಂಗಳ ಬಾಡಿಗೆಯಿಲ್ಲದ’ ಸೆಟ್‌ಟಾಪ್ ಬಾಕ್ಸ್ ಒಂದನ್ನು ಕೊಳ್ಳಬೇಕೆಂದು ಹೊರಟ ಭೀಮರಾಯನಗುಡಿಯ ಗೃಹಸ್ಥನಾದರೋ ಹತ್ತಾರು ಬಗೆಯ ಪೆಟ್ಟಿಗೆಗಳ ಮುಂದೆ ದಿಕ್ಕುತೋಚದೆ ನಿಲ್ಲುತ್ತಾನೆ. ಹೊರಗಿನಿಂದ ಎಲ್ಲವೂ ಒಂದೇ ತೆರನಾಗಿ ತೋರುತ್ತವೆ. ಒಳಗಿನ ಭೇದ ತಿಳಿಯದೆ ಕೊಂಡರೆ ಹಣವೂ ಹೋಯಿತು, ಮಕ್ಕಳ ಪಾಠವೂ ಹೋಯಿತು. ಆದಕಾರಣ ಆ ಭೇದವನ್ನು ಅರಿಯುವುದು ಅವಶ್ಯ.

ಮೊದಲಿಗೆ ಸಂಕೇತ ಬರುವ ದಾರಿಯನ್ನು ಗ್ರಹಿಸೋಣ. ವಿಷುವದ್ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿರುವ ಉಪಗ್ರಹ ಭೂಮಿಯೊಡನೆ ಸಮನಾಗಿ ತಿರುಗುವುದರಿಂದ ಆಕಾಶದ ಒಂದೇ ಬಿಂದುವಿನಲ್ಲಿ ನಿಂತಂತೆ ಕಾಣುತ್ತದೆ. ಪ್ರಸಾರ ಭಾರತಿಯವರ ಉಚಿತ ಸೇವೆ 2004ರ ಡಿಸೆಂಬರಿನಲ್ಲಿ ‘ಡಿಡಿ ಡೈರೆಕ್ಟ್ ಪ್ಲಸ್’ ಎಂಬ ಹೆಸರಿನಿಂದ ಆರಂಭವಾಗಿ, ಮುಂದೆ ‘ಡಿಡಿ ಫ್ರೀ ಡಿಶ್’ ಎನಿಸಿಕೊಂಡಿತು. ಇದನ್ನು ಹೊತ್ತಿರುವ ಜಿಸ್ಯಾಟ್-15 ಉಪಗ್ರಹ 2015ರ ನವೆಂಬರಿನಲ್ಲಿ ಹಾರಿ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ನೆಲೆಸಿದೆ. ಭೀಮರಾಯನಗುಡಿಯ ನೆಲದಿಂದ ಲೆಕ್ಕಹಾಕಿದರೆ ಅದು ಹೆಚ್ಚುಕಡಿಮೆ ಸರಿಯಾಗಿ ಆಗ್ನೇಯ ದಿಕ್ಕಿನಲ್ಲಿ, ದಿಗಂತದಿಂದ ಸುಮಾರು 62 ಡಿಗ್ರಿ ಎತ್ತರದಲ್ಲಿದೆ. ಎಟಿಎಸ್-6 ಈ ಸೀಮೆಗೆ ಪಶ್ಚಿಮ–ನೈಋತ್ಯದಲ್ಲಿ, 39 ಡಿಗ್ರಿಯಷ್ಟು ಎತ್ತರದಲ್ಲಿತ್ತು. ಅಂದು ಪಶ್ಚಿಮಕ್ಕೆ ನೋಡುತ್ತಿದ್ದ ಬೋಗುಣಿಗಳು ಈಗ ಪೂರ್ವದ ಕಡೆಗೆ ತಿರುಗಿವೆ.

ಗಾತ್ರವೂ ಕುಗ್ಗಿದೆ. 860 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 35 ಸೆಂಟಿಮೀಟರು; ತಂತಿಬಲೆಯ ಕಂಡಿಗಳು ಅದಕ್ಕೆ ಕಂಡಿಗಳೇ ಅಲ್ಲ, ಗಟ್ಟಿ ಗೋಡೆಯಿದ್ದಂತೆ. ಈಗಿನ ಕೆಯು ಪಟ್ಟಿಯ ಅಲೆಯ ಉದ್ದ ಎರಡೂವರೆ ಸೆಂಟಿಮೀಟರಿನಷ್ಟು ಮಾತ್ರ. ಆದುದರಿಂದ ಎರಡಡಿಯ ಗಟ್ಟಿ ತಗಡಿನ ತಟ್ಟೆ ಸಾಕಾಗುತ್ತದೆ. ಆದರೆ ಅಷ್ಟೇ ನಿಖರವಾಗಿ ಗುರಿಯಿಡಬೇಕಾಗುತ್ತದೆ. ತಟ್ಟೆ ಒಂದೆರಡು ಡಿಗ್ರಿ ಜರುಗಿದರೆ ಚಿತ್ರ ಮಾಯ. ಮಾಳಿಗೆಯ ಮೇಲೆ ಮಂಗಗಳ ಹಾವಳಿಯಿರುವ ಊರುಗಳಲ್ಲಿ ಇದರ ಅನುಭವ ಎಲ್ಲರಿಗೂ ಉಂಟು.

ತಟ್ಟೆಯ ಮುಂದೆ ಕೂತಿರುವ ಎಲ್‌ಎನ್‌ಬಿ ಎಂಬ ಉಪಕರಣ ಈ ಅತ್ಯುನ್ನತ ಆವರ್ತನವನ್ನು ತಗ್ಗಿಸಿ ಕೇಬಲ್ಲಿನಲ್ಲಿ ಇಳಿಬಿಡುತ್ತದೆ. ಇಲ್ಲಿ ಸರಳವಾದ ಕಳೆಯುವ ಲೆಕ್ಕವೊಂದಿದೆ. ಫ್ರೀ ಡಿಶ್ ಬಳಸುತ್ತ ಬಂದಿರುವ ಆವರ್ತನಗಳಲ್ಲೊಂದು 11090 ಮೆಗಾಹರ್ಟ್ಸ್. ಎಲ್‌ಎನ್‌ಬಿಯ ಸ್ವಂತ ಆವರ್ತನ 9750. ಕಳೆದರೆ ಉಳಿಯುವುದು 1340. ಗ್ರಾಹಕಯಂತ್ರ ಗ್ರಹಿಸಬಲ್ಲ ವ್ಯಾಪ್ತಿ 950ರಿಂದ 2150ರವರೆಗೆ. 1340 ಅದರೊಳಗೆ ಸೇರುತ್ತದೆ. ಯಾರಾದರೂ ಕೈತಪ್ಪಿ ಪಟ್ಟಿಯಲ್ಲಿ 10600 ಎಂದು ಆರಿಸಿದರೆ ಉಳಿಯುವುದು 490. ಅದು ವ್ಯಾಪ್ತಿಯ ಹೊರಗೆ. ಆಗ ಯಂತ್ರ ಗಂಟೆಗಟ್ಟಲೆ ಶೋಧಿಸಿದರೂ ಒಂದು ವಾಹಿನಿಯೂ ದೊರೆಯದು. ಪೆಟ್ಟಿಗೆ ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸುವ ಮೊದಲು ಈ ಒಂದು ಅಂಕಿಯನ್ನು ನೋಡಿಕೊಳ್ಳುವುದು ವಿಹಿತ.

ಇನ್ನು ಶೋಧನೆಯ ವಿಧಾನಗಳು. ಎಲ್ಲ ಪೆಟ್ಟಿಗೆಗಳೂ ‘ಸ್ಕ್ಯಾನ್’ ಮಾಡುತ್ತವೆಯಾದರೂ ಮಾಡುವ ರೀತಿ ಬೇರೆ. ಅಗ್ಗದ ಯಂತ್ರ ತನ್ನ ಸ್ಮರಣೆಯಲ್ಲಿ ಕಾರ್ಖಾನೆಯವರು ತುಂಬಿದ ಆವರ್ತನಗಳ ಪಟ್ಟಿಯನ್ನು ಮಾತ್ರ ಒಂದೊಂದಾಗಿ ತಟ್ಟಿನೋಡುತ್ತದೆ. ಪಟ್ಟಿ ಹಳೆಯದಾಗಿದ್ದರೆ ಹೊಸ ವಾಹಿನಿ ಅದಕ್ಕೆ ಅಗೋಚರ. ಎರಡನೆಯ ಬಗೆಯದು ಪ್ರಸಾರದೊಡನೆಯೇ ಬರುವ ಜಾಲವಿವರಣೆಯನ್ನು ಓದಿ, ಅಲ್ಲಿ ಹೇಳಿರುವ ಇತರ ಆವರ್ತನಗಳನ್ನೂ ಹುಡುಕುತ್ತದೆ. ಪ್ರಸಾರಕರು ಆ ವಿವರಣೆಯನ್ನು ಸರಿಯಾಗಿಟ್ಟಿದ್ದರೆ ಫಲ ಚೆನ್ನಾಗಿರುತ್ತದೆ. ಮೂರನೆಯದೇ ‘ಬ್ಲೈಂಡ್ ಸ್ಕ್ಯಾನ್’. ಕಣ್ಣುಕಟ್ಟಿಕೊಂಡು ಕೋಣೆಯ ಗೋಡೆಯನ್ನು ಅಂಗುಲ ಅಂಗುಲವಾಗಿ ತಡವುತ್ತ ಬಾಗಿಲನ್ನು ಕಂಡುಹಿಡಿಯುವವನಂತೆ, ಇದು ಯಾವ ಪಟ್ಟಿಯನ್ನೂ ನಂಬದೆ ಇಡೀ ವ್ಯಾಪ್ತಿಯನ್ನು ಹೆಜ್ಜೆಹೆಜ್ಜೆಗೂ ಪರೀಕ್ಷಿಸಿ, ಆವರ್ತನವನ್ನೂ ಸಂಕೇತದ ವೇಗವನ್ನೂ ತಾನೇ ನಿರ್ಣಯಿಸುತ್ತದೆ. ಸಮಯ ಹೆಚ್ಚು ಬೇಕು. ಆದರೆ ಹೆಸರೇ ಕೇಳದ ವಾಹಿನಿ ಇದ್ದಕ್ಕಿದ್ದಂತೆ ಸಿಕ್ಕುವುದು ಈ ಬಗೆಯ ಯಂತ್ರದಲ್ಲಿಯೇ. ಇದರಲ್ಲಿಯೂ ತಾರತಮ್ಯವಿದೆ: ಕೆಲವು ದೊಡ್ಡ ಹೆಜ್ಜೆಯಿಟ್ಟು ಬೇಗ ಮುಗಿಸಿ, ಕಡಿಮೆ ವೇಗದ ಕಿರಿದಾದ ಸಂಕೇತಗಳನ್ನು ದಾಟಿಬಿಡುತ್ತವೆ. ಬೇಗ ಮುಗಿಸುವುದೇ ಗುಣವೆಂದು ಭಾವಿಸಲಾಗದು.

ಹೀಗಿದ್ದರೂ ಶೋಧನೆಗಿಂತ ಮುಖ್ಯವಾದ ಪ್ರಶ್ನೆಯೊಂದಿದೆ. ಈ ಸೀಮೆಯ ಮನೆಗಳಿಗೆ ನಿಜವಾಗಿ ನಷ್ಟವಾಗುವುದು ಇದನ್ನು ಕೇಳದಿರುವುದರಿಂದ. ಹಿಡಿದ ಸಂಕೇತವನ್ನು ಬಿಡಿಸಿ ಓದುವ ಶಕ್ತಿ ಪೆಟ್ಟಿಗೆಗೆ ಇದೆಯೆ? ಉಪಗ್ರಹ ಪ್ರಸಾರದ ಮೊದಲ ಅಂಕೀಯ ಪದ್ಧತಿ ಡಿವಿಬಿ-ಎಸ್. ಚಿತ್ರವನ್ನು ಅಡಕಗೊಳಿಸುವ ಅದರ ಜೊತೆಗಾರ ಎಂಪೆಗ್-2. 2005ರ ಸುಮಾರಿಗೆ ಸಿದ್ಧವಾದ ಡಿವಿಬಿ-ಎಸ್2 ಪದ್ಧತಿ ಅದೇ ಜಾಗದಲ್ಲಿ ಸುಮಾರು ಶೇಕಡಾ 30ರಷ್ಟು ಹೆಚ್ಚು ಮಾಹಿತಿಯನ್ನು ತುಂಬಬಲ್ಲದು. ಎಂಪೆಗ್-4 ಚಿತ್ರವನ್ನು ಇನ್ನೂ ಹೆಚ್ಚು ಅಡಕಗೊಳಿಸುತ್ತದೆ. ಹೊಸ ಯಂತ್ರ ಹಳೆಯ ಪ್ರಸಾರವನ್ನು ಓದುತ್ತದೆ; ಹಳೆಯ ಯಂತ್ರ ಹೊಸದನ್ನು ಓದಲಾರದು. ಮೋಡಿ ಲಿಪಿಯ ಕಡತ ಕೈಯಲ್ಲಿದ್ದರೂ ಅಕ್ಷರ ಬಾರದವನ ಪಾಡು ಅದರದು.

ಫ್ರೀ ಡಿಶ್‌ನ ಬಹುತೇಕ ಮನರಂಜನೆಯ ವಾಹಿನಿಗಳು ದೀರ್ಘಕಾಲ ಎಂಪೆಗ್-2ರಲ್ಲಿಯೇ ಬರುತ್ತಿದ್ದುದರಿಂದ ಅಗ್ಗದ ಹಳೆಯ ಪೆಟ್ಟಿಗೆಗಳು ಲಕ್ಷಗಟ್ಟಲೆ ಮಾರಾಟವಾದವು. ಆದರೆ 2017ರಲ್ಲಿ ಆರಂಭವಾದ ‘ಸ್ವಯಂಪ್ರಭಾ’ ಶೈಕ್ಷಣಿಕ ವಾಹಿನಿಗಳೂ, 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಒಂದು ತರಗತಿಗೆ ಒಂದು ವಾಹಿನಿಯಂತೆ ಘೋಷಿತವಾದ ‘ಪಿಎಂ ಇ-ವಿದ್ಯಾ’ ವಾಹಿನಿಗಳೂ ಅದೇ ಜಿಸ್ಯಾಟ್-15ರಿಂದ ಎಂಪೆಗ್-4 ರೂಪದಲ್ಲಿ ಇಳಿದವು. ಪರಿಣಾಮವೇನೆಂದರೆ, ತಟ್ಟೆ ಅದೇ, ಎಲ್‌ಎನ್‌ಬಿ ಅದೇ, ಕೇಬಲ್ ಅದೇ; ಮನೆಯಲ್ಲಿ ಧಾರಾವಾಹಿ ಸ್ವಚ್ಛವಾಗಿ ಕಾಣುತ್ತದೆ, ಮಕ್ಕಳ ಪಾಠ ಮಾತ್ರ ಕಾಣುವುದಿಲ್ಲ. ಮೊಬೈಲು ಜಾಲ ದುರ್ಬಲವಾದ, ಒಂದೇ ಫೋನನ್ನು ತಂದೆ ದುಡಿಮೆಗೆ ಒಯ್ಯುವ ಮನೆಯ ಬಾಲಕಿಗೆ ಆಕಾಶದಿಂದ ಖರ್ಚಿಲ್ಲದೆ ಇಳಿಯುತ್ತಿದ್ದ ಪಾಠ ಪೆಟ್ಟಿಗೆಯ ಬಾಗಿಲಲ್ಲಿಯೇ ನಿಂತುಬಿಡುತ್ತದೆ. 1975ರಲ್ಲಿ ಇದೇ ಜಿಲ್ಲೆಗಳ ಮಕ್ಕಳಿಗಾಗಿ ಬೆಳಗಿನ ಪಾಠ ಕಳುಹಿಸಿದವರು ಯಂತ್ರವನ್ನೂ ಜೊತೆಗೆ ಕಳುಹಿಸಿದ್ದರು. ಈಚಿನ ಕಾಲದಲ್ಲಿ ಪಾಠ ಬಂದಿತು, ಯಂತ್ರದ ಆಯ್ಕೆಯನ್ನು ಅಂಗಡಿಯವನಿಗೆ ಬಿಡಲಾಯಿತು.

ಆದುದರಿಂದ ಕೊಳ್ಳುವವನು ‘ಎಷ್ಟು ವಾಹಿನಿ?’ ಎಂದು ಕೇಳುವುದಕ್ಕೆ ಬದಲು ‘ಎಂಪೆಗ್-4 ಮತ್ತು ಎಸ್2 ಇದೆಯೆ?’ ಎಂದು ಕೇಳತಕ್ಕದ್ದು. ವಾಹಿನಿಗಳ ಸಂಖ್ಯೆ ಮೋಸದ ಅಳತೆ. ಶೋಧನೆಯ ಕೊನೆಗೆ ತೋರುವ ಮೊತ್ತದಲ್ಲಿ ಬೀಗ ಹಾಕಿದ ವಾಹಿನಿಗಳು, ಒಂದೇ ವಾಹಿನಿಯ ಎರಡೆರಡು ಪ್ರತಿಗಳು, ಆಕಾಶವಾಣಿಯ ಧ್ವನಿವಾಹಿನಿಗಳು ಎಲ್ಲವೂ ಸೇರಿರುತ್ತವೆ. ಹಣ ತೆತ್ತು ನೋಡುವ ವಾಹಿನಿಗಳ ಹೆಸರು ಪಟ್ಟಿಯಲ್ಲಿ ಬಂದೀತು, ಪರದೆ ಕಪ್ಪಾಗಿಯೇ ಉಳಿದೀತು. ಅದು ಯಂತ್ರದ ದೋಷವಲ್ಲ. ಆ ಬೀಗವನ್ನು ಒಡೆಯುವ ಪೆಟ್ಟಿಗೆ ಇದೆಯೆಂದು ಯಾರಾದರೂ ಹೇಳಿದರೆ ಅದು ಅಪರಾಧದ ಮಾತು.

ಎರಡು ಯಂತ್ರಗಳನ್ನು ನಿಷ್ಪಕ್ಷಪಾತವಾಗಿ ತೂಗಿನೋಡಬೇಕಾದರೆ ಉಳಿದುದೆಲ್ಲ ಸಮನಾಗಿರಬೇಕು. ಒಂದೇ ತಟ್ಟೆ, ಒಂದೇ ಕೇಬಲ್, ಒಂದೇ ದಿನದ ಒಂದೇ ಹೊತ್ತು; ಮೊದಲು ಒಂದನ್ನು ಜೋಡಿಸಿ ಶೋಧಿಸಿ, ದೊರೆತ ಆವರ್ತನಗಳನ್ನು ಕಾಗದದ ಮೇಲೆ ಬರೆದು, ಬಳಿಕ ಇನ್ನೊಂದನ್ನು ಜೋಡಿಸಬೇಕು. ಕವಲು ಹಾಕಿ ಎರಡಕ್ಕೂ ಒಮ್ಮೆಗೇ ಕೊಟ್ಟರೆ ಸಂಕೇತದ ಶಕ್ತಿ ಅರ್ಧಕ್ಕಿಂತ ಕಡಿಮೆಯಾಗಿ ಹಂಚಿಹೋಗುತ್ತದೆ. ಪರದೆಯ ಮೇಲೆ ತೋರುವ ‘ಶಕ್ತಿ’, ‘ಗುಣಮಟ್ಟ’ ಎಂಬ ಎರಡು ಪಟ್ಟಿಗಳ ಬಗ್ಗೆಯೂ ಎಚ್ಚರ ಬೇಕು. ಶಕ್ತಿ ಎಂಬುದು ಕೇಬಲ್ಲಿನಲ್ಲಿ ಬರುವ ಒಟ್ಟು ಸದ್ದು. ತಟ್ಟೆ ಬೇರೆಡೆಗೆ ತಿರುಗಿದ್ದರೂ ಅದು ಹೆಚ್ಚಾಗಿ ತೋರಬಹುದು. ಗುಣಮಟ್ಟವೊಂದೇ ನಂಬತಕ್ಕದ್ದು. ಅದರಲ್ಲಿಯೂ ಒಂದು ತಯಾರಕರ ಶೇಕಡಾ 70 ಇನ್ನೊಬ್ಬರ ಶೇಕಡಾ 70ಕ್ಕೆ ಸಮನಲ್ಲ, ಏಕೆಂದರೆ ಪ್ರತಿಯೊಬ್ಬರೂ ತಮ್ಮದೇ ಅಳತೆಗೋಲನ್ನು ಇಟ್ಟುಕೊಂಡಿದ್ದಾರೆ. ನಿಜವಾದ ಪರೀಕ್ಷೆಗೆ ಒಂದು ಉಪಾಯವಿದೆ: ತಟ್ಟೆಯ ಮೇಲೆ ಒದ್ದೆಬಟ್ಟೆಯನ್ನು ಸ್ವಲ್ಪಸ್ವಲ್ಪವಾಗಿ ಹೊದಿಸುತ್ತ ಬಂದರೆ, ಯಾವ ಯಂತ್ರದ ಚಿತ್ರ ಕೊನೆಯವರೆಗೆ ಒಡೆಯದೆ ನಿಲ್ಲುವುದೋ ಅದರ ಟ್ಯೂನರ್ ಸೂಕ್ಷ್ಮಗ್ರಾಹಿ. ಸೆಪ್ಟೆಂಬರಿನ ಬಿರುಮಳೆಯಲ್ಲಿ ಆ ಯಂತ್ರವೇ ಹೆಚ್ಚು ಹೊತ್ತು ನಡೆಯುತ್ತದೆ. ಸೈಟ್ ಕಾಲದ ಚಿತ್ರ ಸಂಕೇತ ಕುಗ್ಗಿದಂತೆ ಚುಕ್ಕೆಚುಕ್ಕೆಯಾಗಿ ಮಸುಕಾಗುತ್ತಿತ್ತು. ಈಗಿನ ಅಂಕೀಯ ಚಿತ್ರಕ್ಕೆ ಆ ಸೌಜನ್ಯವಿಲ್ಲ, ಅದು ಇದ್ದರೆ ಪೂರ್ಣವಾಗಿ ಇರುತ್ತದೆ, ಹೋದರೆ ಥಟ್ಟನೆ ಹೋಗುತ್ತದೆ.

ವಿದ್ಯುತ್ತಿನ ಭಾಗವನ್ನೂ ಮರೆಯಲಾಗದು. ಗ್ರಾಹಕಯಂತ್ರವೇ ಕೇಬಲ್ ಮೂಲಕ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಕಳುಹಿಸುತ್ತದೆ. 13ಕ್ಕೆ ಲಂಬ ಅಲೆಗಳು, 18ಕ್ಕೆ ಅಡ್ಡ ಅಲೆಗಳು. ಕೇಬಲ್ ಉದ್ದವಾಗಿದ್ದು ಪೆಟ್ಟಿಗೆ ದುರ್ಬಲವಾಗಿದ್ದರೆ 18 ವೋಲ್ಟ್ ಮೇಲೆ ತಲುಪುವುದಿಲ್ಲ, ಅಡ್ಡ ಅಲೆಯ ವಾಹಿನಿಗಳೆಲ್ಲ ಒಟ್ಟಿಗೆ ಇಲ್ಲವಾಗುತ್ತವೆ. ಹೀಗೆ ಒಂದು ಗುಂಪು ಮಾತ್ರ ಕಾಣೆಯಾದಾಗ ಮೊದಲು ಸಂಶಯಿಸಬೇಕಾದುದು ಪೆಟ್ಟಿಗೆಯ ವಿದ್ಯುತ್ ಭಾಗವನ್ನು. ಬೇಸಗೆಯಲ್ಲಿ ಪತ್ರಾಸಿನ ಮನೆಯೊಳಗೆ ಗಾಳಿಯಾಡದ ಗೂಡಿನಲ್ಲಿಟ್ಟ ಯಂತ್ರ ಕಾದು ಚಿತ್ರ ನಿಲ್ಲಿಸುವುದೂ ಉಂಟು. ಮಾರ್ಚ್ ತಿಂಗಳ ನಡುಭಾಗದಲ್ಲಿಯೂ ಅಕ್ಟೋಬರಿನ ಆರಂಭದ ಸುಮಾರಿಗೂ ಕೆಲವು ದಿನ ಮಧ್ಯಾಹ್ನಕ್ಕೆ ಮುಂಚೆ ಸೂರ್ಯ ಉಪಗ್ರಹದ ಬೆನ್ನ ಹಿಂದೆಯೇ ಹಾದುಹೋಗುವಾಗ ಕೆಲವು ನಿಮಿಷ ಚಿತ್ರ ಕೆಡುತ್ತದೆ. ಅದಕ್ಕೆ ಯಾವ ಯಂತ್ರವೂ ಹೊಣೆಯಲ್ಲ, ಯಾರನ್ನೂ ಕರೆಸಬೇಕಾಗಿಯೂ ಇಲ್ಲ.

ಪ್ರಸಾರ ಭಾರತಿ ಒಮ್ಮೊಮ್ಮೆ ಆವರ್ತನಗಳನ್ನು ಬದಲಿಸುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ಮರುಶೋಧನೆ ಮಾಡುವುದು ಒಳ್ಳೆಯದು. ಹಾಗೆ ಮಾಡುವ ಮೊದಲು ಹಳೆಯ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಅಡಿಗೆ ಅಂಟಿಸಿಡಬೇಕು. ಎಂಪೆಗ್-4 ಯಂತ್ರ ಬಂದ ಮನೆಯಲ್ಲಿ ಹಳೆಯ ಎಂಪೆಗ್-2 ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಅಗತ್ಯವಿಲ್ಲ. ಹಳೆಯ ಪದ್ಧತಿಯ ಪ್ರಸಾರ ಇರುವವರೆಗೂ, ಗಾಳಿಗೆ ಜರುಗಿದ ತಟ್ಟೆಯನ್ನು ಸರಿಪಡಿಸುವಾಗ ಅದನ್ನೂ ಒಂದು ಚಿಕ್ಕ ಟಿವಿಯನ್ನೂ ಮಾಳಿಗೆಗೆ ಒಯ್ದು, ಗುಣಮಟ್ಟದ ಪಟ್ಟಿಯನ್ನು ಕಣ್ಣೆದುರಿಗಿಟ್ಟುಕೊಂಡು ಆಗ್ನೇಯಕ್ಕೆ ಗುರಿಯಿಡಬಹುದು. ಕೆಳಗಿನಿಂದ ‘ಬಂತು, ಬಂತು, ಹೋಯ್ತು’ ಎಂದು ಕೂಗಿ ಹೇಳುವವರು ಆಗ ಬೇಕಾಗುವುದಿಲ್ಲ.