ಎರಡು ಮನೆಗಳ ನಡುವಿನ ಮರಿ

ಸಂಜೆ ಏಳರ ಹೊತ್ತು. ಎರಡೂವರೆ ತಿಂಗಳ ಬೀದಿಮರಿಯೊಂದು ಹಾಲಿನಲ್ಲಿ ಸೋಫಾದ ಸುತ್ತ ಗಿರಕಿ ಹೊಡೆಯುತ್ತಿದೆ. ನುಣುಪು ಟೈಲ್ಸ್ ಮೇಲೆ ಹಿಂಗಾಲು ಜಾರಿ ಗೋಡೆಗೆ ಬಡಿದರೂ ಅದಕ್ಕೆ ಲೆಕ್ಕವಿಲ್ಲ. ಎದ್ದದ್ದೇ ಯಾರದೋ ಸೆರಗು ಹಿಡಿದು ತಲೆ ಒದರುತ್ತದೆ, ಬಿಡಿಸಲು ಹೋದ ಕೈಗೂ ಹಲ್ಲು ಹಾಕುತ್ತದೆ. ದಿಕ್ಕಿಲ್ಲದ ಮರಿಗೆ ಕಾಯಂ ಮನೆ ಸಿಗುವವರೆಗೆ ಆಸರೆ ಕೊಡುವವರನ್ನು ನಮ್ಮ ಊರುಗಳಲ್ಲಿ ‘ಫಾಸ್ಟರ್’ ಎನ್ನುತ್ತಾರೆ. ಈ ನೋಟ ಅವರಿಗೆಲ್ಲ ಚಿರಪರಿಚಿತ. ನೋಡಿದವರು ಕೊಡುವ ಸಲಹೆಯೂ ಒಂದೇ: ‘ಕಸುವು ಜಾಸ್ತಿ, ಚೆನ್ನಾಗಿ ಓಡಿಸಿ, ಸುಸ್ತಾದರೆ ತೆಪ್ಪಗಿರುತ್ತೆ.’ ಈ ಅಧ್ಯಾಯದ ವಾದ ಆ ಸಲಹೆಗೆ ಎದುರಾಗಿದೆ. ಫಾಸ್ಟರ್ ಮನೆಗೆ ಸಿಗುವುದು ಕೆಲವೇ ವಾರ. ಅವು ಮರಿಯ ಬದುಕಿನಲ್ಲಿ ಮತ್ತೆ ಬಾರದ ವಾರಗಳು. ಮರಿಯನ್ನು ದಣಿಸುವುದರಲ್ಲೇ ಅವನ್ನು ಕಳೆದರೆ ನಷ್ಟ. ಮುಂದಿನ ಮನೆಯಲ್ಲಿ ಎದುರಾಗುವುದಕ್ಕೆ ಹೆದರದಿರುವುದು, ಏನೂ ನಡೆಯದ ಹೊತ್ತಿನಲ್ಲಿ ಸುಮ್ಮನಿರುವುದು, ಇವೆರಡನ್ನು ಕಲಿಸಿದರೆ ಆ ವಾರಗಳು ಸಾರ್ಥಕ.

ಮೊದಲಿಗೆ, ಯಾವ ಮರಿಯನ್ನು ಮನೆಗೆ ತರಬೇಕು? ಚರಂಡಿ ಪಕ್ಕ ಬರೀ ಮರಿಗಳು ಕಂಡರೆ ತಾಯಿ ಬಿಟ್ಟುಹೋಗಿದೆ ಎಂದುಕೊಳ್ಳುವುದು ಸುಲಭ. ಆದರೆ ಹಾಲೂಡಿಸುವ ತಾಯಿಗೂ ಹೊಟ್ಟೆಯಿದೆ. ಕಸದ ರಾಶಿ, ಮಾಂಸದಂಗಡಿ ಸುತ್ತಿ ಬರಲು ಅದಕ್ಕೆ ಹೊತ್ತು ಹಿಡಿಯುತ್ತದೆ. ದೂರ ನಿಂತು ಕೆಲವು ಗಂಟೆ ಕಾಯುವುದೇ ಮೊದಲ ಕೆಲಸ. ತಾಯಿ ಇದ್ದರೆ ಕನಿಷ್ಠ ಎಂಟು ವಾರವಾದರೂ ಮರಿಗಳು ಅದರ ಜೊತೆಗೇ ಇರಬೇಕು. ಇನ್ನು ತಾಯಿ ಸತ್ತ, ಗಾಯಗೊಂಡ, ಯಾರೋ ಚೀಲದಲ್ಲಿ ಕಟ್ಟಿ ಬಿಸಾಡಿದ ಮರಿಗಳ ಮಾತು ಬಂದಾಗ, ‘ಬೀದಿಯಲ್ಲಿ ಹುಟ್ಟಿದ್ದು ಬೀದಿಯಲ್ಲೇ ಬದುಕಿಕೊಳ್ಳುತ್ತೆ, ನಿಮಗ್ಯಾಕೆ’ ಎನ್ನುವವರಿದ್ದಾರೆ. ಬದುಕಿಕೊಳ್ಳುತ್ತದೆಯೇ? ಕೋಲ್ಕತ್ತದ ಐಸರ್ ಸಂಸ್ಥೆಯ ಸಂಶೋಧಕರು ಪಶ್ಚಿಮ ಬಂಗಾಳದ ಏಳು ಕಡೆಗಳಲ್ಲಿ ಐದು ವರ್ಷ ಬೀದಿನಾಯಿಗಳ ಲೆಕ್ಕ ಇಟ್ಟು 2016ರಲ್ಲಿ ಅದನ್ನು ಪ್ರಕಟಿಸಿದರು. 95 ಬಾಣಂತನಗಳಲ್ಲಿ ಹುಟ್ಟಿದ 364 ಮರಿಗಳಲ್ಲಿ ಬೆದೆಯ ವಯಸ್ಸು ಮುಟ್ಟಿದ್ದು ಶೇಕಡ 19ರಷ್ಟು ಮಾತ್ರ. ಸತ್ತವುಗಳಲ್ಲಿ ಶೇಕಡ 63ರಷ್ಟರ ಸಾವಿನ ಹಿಂದೆ ಮನುಷ್ಯರ ಪಾಲಿತ್ತು. ಬಂಗಾಳದ ಅಂಕಿಯನ್ನು ಬೆಂಗಳೂರಿಗೋ ಹುಬ್ಬಳ್ಳಿಗೋ ಹಾಗೇ ಅಂಟಿಸಲಾಗದು, ನಿಜ. ಆದರೂ ಬೀದಿಮರಿ ಸಾಯುವುದು ಪ್ರಕೃತಿಯ ನಿಯಮ, ನಮಗೆ ಸಂಬಂಧವಿಲ್ಲ ಎಂದು ಕೈ ತೊಳೆದುಕೊಳ್ಳುವ ದಾರಿಯನ್ನು ಈ ಲೆಕ್ಕ ಮುಚ್ಚುತ್ತದೆ.

ವಾರಗಳು ಮತ್ತೆ ಬಾರವು ಎಂದದ್ದಕ್ಕೆ ಆಧಾರ ಹಳೆಯದು. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ನಡೆದು 1961ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮರಿಗಳನ್ನು ಬೇಲಿ ಹಾಕಿದ ಬಯಲಿನಲ್ಲಿ ಮನುಷ್ಯರ ಸೋಂಕಿಲ್ಲದೆ ಬೆಳೆಸಿದರು. ಕೆಲವನ್ನು ಎರಡನೇ ವಾರ, ಕೆಲವನ್ನು ಮೂರು, ಐದು, ಏಳು, ಒಂಬತ್ತನೇ ವಾರ ಒಳಗೆ ತಂದು ಒಂದೊಂದು ವಾರ ಮನುಷ್ಯರೊಡನೆ ಆಡಲು ಬಿಟ್ಟರು. ಹದಿನಾಲ್ಕು ವಾರದವರೆಗೂ ಬಯಲಲ್ಲೇ ಉಳಿದ ಮರಿಗಳು ಆಮೇಲೆ ಮನುಷ್ಯರನ್ನು ಕಂಡರೆ ಕಾಡುಪ್ರಾಣಿಗಳಂತೆ ಹೆದರಿದವು. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಅಲ್ಲಿಯದೇ ವರ್ಷಗಳ ಕೆಲಸವನ್ನು 1965ರಲ್ಲಿ ಪುಸ್ತಕವಾಗಿ ತಂದರು. ಸುಮಾರು ಮೂರನೇ ವಾರದಿಂದ ಹನ್ನೆರಡು ಹದಿನಾಲ್ಕನೇ ವಾರದವರೆಗೆ ಮರಿ ಹೊಸದನ್ನು ಕಂಡರೆ ಹತ್ತಿರ ಹೋಗುತ್ತದೆ. ಆಮೇಲೆ ಹೊಸದನ್ನು ಕಂಡರೆ ಹಿಂದೆ ಸರಿಯುವುದೇ ಹೆಚ್ಚು. ಬೀದಿಯಿಂದ ಬಂದ ಬಹಳಷ್ಟು ಮರಿಗಳು ಫಾಸ್ಟರ್ ಮನೆಯಲ್ಲಿರುವುದು ಸರಿಯಾಗಿ ಈ ಅವಧಿಯಲ್ಲಿ. ಕುಕ್ಕರಿನ ಸೀಟಿ, ಮಿಕ್ಸಿಯ ಸದ್ದು, ಹೆಲ್ಮೆಟ್ ತೊಟ್ಟ ಡೆಲಿವರಿ ಹುಡುಗ, ಊರುಗೋಲಿನ ಅಜ್ಜ, ಕಿರುಚುವ ಮಗು, ಲಿಫ್ಟಿನ ಬಾಗಿಲು, ಆಟೋದ ಗಡಗಡ ಇವೆಲ್ಲ ಅದಕ್ಕೆ ಈಗ ದಕ್ಕುವ ಪಾಠಗಳು. ಒಂದೊಂದನ್ನೂ ದೂರದಿಂದ, ಮೆಲ್ಲಗೆ, ಬಾಯಿಗೊಂದು ಬೇಯಿಸಿದ ಕೋಳಿ ಚೂರು ಕೊಡುತ್ತಾ ಪರಿಚಯಿಸಬೇಕು. ಹೆದರಿ ಬಾಲ ಮುದುರಿದ ಮರಿಯನ್ನು ‘ಅಭ್ಯಾಸವಾಗಲಿ’ ಎಂದು ಎಳೆದೊಯ್ದರೆ ಪಾಠ ಉಲ್ಟಾ ಆಗುತ್ತದೆ.

ಇಲ್ಲಿ ಪಶುವೈದ್ಯರ ಕಡೆಯಿಂದ ಒಂದು ಗಟ್ಟಿಯಾದ ಆಕ್ಷೇಪವಿದೆ. ಲಸಿಕೆ ಪೂರ್ತಿಯಾಗದ ಮರಿಯನ್ನು ಹೊರಗೆ ತಿರುಗಿಸಿದರೆ ಪಾರ್ವೋ, ಡಿಸ್ಟೆಂಪರ್ ಬಡಿಯುವುದಿಲ್ಲವೇ? ಭಯ ಸುಳ್ಳಲ್ಲ. 1978ರ ಸುಮಾರಿಗೆ ಜಗತ್ತಿನಲ್ಲೆಲ್ಲ ಹಬ್ಬಿದ ಪಾರ್ವೋ ವೈರಾಣು ಮಲದ ಮೂಲಕ ಹರಡುತ್ತದೆ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಚಪ್ಪಲಿಗೆ ಅಂಟಿ ಮನೆಯೊಳಗೂ ಬರುತ್ತದೆ. ಅದಕ್ಕೆ ಬರೀ ಫಿನಾಯಿಲ್ ಸಾಲದು. ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಮೂವತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆಲದ ಮೇಲೆ ಬಿಡಬೇಕು. ತಾಯಿಯಿಂದ ಬಂದ ರೋಗನಿರೋಧಕ ಅಂಶ ಮರಿಯ ಮೈಯಲ್ಲಿ ಇರುವಷ್ಟು ದಿನ ಲಸಿಕೆಯನ್ನೂ ತಟಸ್ಥಗೊಳಿಸಬಲ್ಲದು. ಅದು ಯಾವ ವಾರ ಕರಗುತ್ತದೆಂದು ಹೊರಗಿನಿಂದ ತಿಳಿಯದ ಕಾರಣ ಆರೆಂಟು ವಾರಕ್ಕೆ ಶುರುಮಾಡಿ ಹದಿನಾರನೇ ವಾರದವರೆಗೂ ಮತ್ತೆ ಮತ್ತೆ ಚುಚ್ಚುತ್ತಾರೆ. ಆದರೆ ಹದಿನಾರು ವಾರ ಕಾದು ಕೂತರೆ ಕಲಿಕೆಯ ಬಾಗಿಲು ಅಷ್ಟರಲ್ಲಿ ಮುಚ್ಚಿರುತ್ತದೆ. ಅಮೆರಿಕದ ಪಶುವೈದ್ಯಕೀಯ ನಡವಳಿಕೆ ತಜ್ಞರ ಸಂಘ 2008ರಲ್ಲಿ ಇದನ್ನೇ ತೂಗಿ ನೋಡಿ, ಮೂರು ವರ್ಷದೊಳಗಿನ ನಾಯಿಗಳ ಸಾವಿಗೆ ಸೋಂಕುರೋಗಕ್ಕಿಂತ ನಡವಳಿಕೆಯ ತೊಂದರೆಯೇ ಮೊದಲ ಕಾರಣ ಎಂದು ಹೇಳಿತು. ಪಾರ್ವೋ ಇನ್ನೂ ಬೀದಿ ಬೀದಿಯಲ್ಲಿರುವ ನಮ್ಮಲ್ಲಿ ಆ ಮಾತನ್ನು ಎಚ್ಚರದಿಂದ ಬಳಸಬೇಕು. ದಾರಿ ಇದೆ: ಮೊದಲ ಎರಡು ವಾರ ಮನೆಯ ಬೇರೆ ನಾಯಿಗಳಿಂದ ದೂರ, ಬೇರೆ ತಟ್ಟೆ, ಬೇರೆ ಹಾಸಿಗೆ, ಆಮೇಲೆ ಊರು ತೋರಿಸುವುದು ತೋಳಿನಲ್ಲಿ ಎತ್ತಿಕೊಂಡು, ನೆಲಕ್ಕೆ ಬಿಡದೆ. ಬಾಲ್ಕನಿ, ಕಿಟಕಿ, ಕಾರಿನ ಸೀಟು, ಮನೆಗೆ ಬರುವ ನೆಂಟರು ಇವೂ ಪ್ರಪಂಚವೇ.

ಈಗ ಆ ಸಂಜೆ ಏಳರ ಕುಣಿತಕ್ಕೆ ಬರೋಣ. ಈ ವಯಸ್ಸಿನ ಮರಿಗೆ ದಿನಕ್ಕೆ ಸುಮಾರು ಹದಿನೆಂಟು ಗಂಟೆ ನಿದ್ದೆ ಬೇಕು. ಹೊಸ ಮನೆಯ ಗಲಾಟೆಯಲ್ಲಿ, ಎತ್ತಿಕೊಳ್ಳುವ ಕೈಗಳ ನಡುವೆ ಅದಕ್ಕೆ ಅದರ ಅರ್ಧವೂ ದಕ್ಕದಿರಬಹುದು. ನಿದ್ದೆಗೆಟ್ಟ ಕೂಸು ಹಟ ಹಿಡಿದು ಅಳುವಂತೆ ನಿದ್ದೆಗೆಟ್ಟ ಮರಿ ಓಡುತ್ತದೆ, ಕಚ್ಚುತ್ತದೆ. ನಾವು ಕಸುವು ಎಂದುಕೊಳ್ಳುವುದರಲ್ಲಿ ಒಂದು ಪಾಲು ಬಳಲಿಕೆಯೇ. ಅಂಥ ಹೊತ್ತಿನಲ್ಲಿ ಚೆಂಡೆಸೆದು ಇನ್ನೂ ಓಡಿಸಿದರೆ ಮರಿ ಹೆಚ್ಚು ಕೆರಳುತ್ತದೆ. ದಿನವೂ ಓಡಿಸಿದರೆ ಇನ್ನೂ ಹೆಚ್ಚು ಓಡಬಲ್ಲ ಮೈ ತಯಾರಾಗುತ್ತದೆ. ದಿನವಿಡೀ ದುಡಿಯಲು ಹೋಗುವ ಮುಂದಿನ ಮನೆಯವರಿಗೆ ಅಂಥ ನಾಯಿಯನ್ನು ಒಪ್ಪಿಸುವುದು ಉಪಕಾರವೇನಲ್ಲ. ಹಾಗಂತ ಆಟ ಬೇಡವೆಂದಲ್ಲ. ಎದ್ದ ಕೂಡಲೇ ಹೊರಗೆ ಉಚ್ಚೆಗೆ, ಆಮೇಲೆ ಊಟ, ಹತ್ತು ಹದಿನೈದು ನಿಮಿಷ ಆಟ, ಹಳೆಯ ಟವಲ್ ಸುರುಳಿಯಲ್ಲಿ ಬಚ್ಚಿಟ್ಟ ತಿಂಡಿ ಹುಡುಕುವ ಕೆಲಸ, ಮತ್ತೆ ಮಬ್ಬುಗತ್ತಲಿನ ಮೂಲೆಯಲ್ಲಿ ನಿದ್ದೆ. ಮೂಗಿಗೆ ಕೆಲಸ ಕೊಟ್ಟರೆ ಕಾಲಿಗೆ ಕೊಟ್ಟದ್ದಕ್ಕಿಂತ ಬೇಗ ಮರಿ ತಣ್ಣಗಾಗುತ್ತದೆ. ಅದು ಎಚ್ಚರವಿದ್ದೂ ಚಾಪೆಯ ಮೇಲೆ ಸುಮ್ಮನೆ ಮಲಗಿದಾಗ ಸದ್ದಿಲ್ಲದೆ ಒಂದು ಚೂರು ತಿಂಡಿ ಪಕ್ಕದಲ್ಲಿಟ್ಟು ಹೋಗಬೇಕು. ಸಾಮಾನ್ಯವಾಗಿ ಮನೆಯವರು ಮಾಡುವುದು ತಿರುಗಮುರುಗ: ಸುಮ್ಮನಿದ್ದಾಗ ‘ಸದ್ಯ’ ಎಂದು ಮರೆತು, ಕುಣಿದಾಗ ಮಾತ್ರ ಗಮನ ಕೊಡುತ್ತಾರೆ.

ಕಚ್ಚುವುದಕ್ಕೂ ಕಾರಣವಿದೆ. ಮರಿಗೆ ಇರುವುದು 28 ಹಾಲುಹಲ್ಲು, ಸೂಜಿಯಂಥವು. ನಾಲ್ಕನೇ ತಿಂಗಳಿನಿಂದ ಅವು ಉದುರಿ ಆರೇಳನೇ ತಿಂಗಳ ಹೊತ್ತಿಗೆ 42 ಕಾಯಂ ಹಲ್ಲು ಬರುತ್ತವೆ. ಒಸಡು ನವೆಯಾದಾಗ ಚಪ್ಪಲಿಯೂ ಒಂದೇ, ಕುರ್ಚಿಯ ಕಾಲೂ ಒಂದೇ. ಎಷ್ಟು ಜೋರಾಗಿ ಕಚ್ಚಿದರೆ ಆಟ ನಿಲ್ಲುತ್ತದೆ ಎಂಬುದನ್ನು ಮರಿಗಳು ಒಡಹುಟ್ಟಿದವುಗಳಿಂದ ಕಲಿಯುತ್ತವೆ. ಒಂಟಿಯಾಗಿ ಸಿಕ್ಕ ಮರಿಗೆ ಆ ಪಾಠ ತಪ್ಪಿರುತ್ತದೆ. ಅದನ್ನು ಮನೆಯವರೇ ಕಲಿಸಬೇಕು: ಹಲ್ಲು ತಾಗಿದೊಡನೆ ಕೈ ಸಡಿಲ, ಆಟ ಬಂದ್, ಎದ್ದು ಹೋಗುವುದು. ಮೂತಿಗೆ ಹೊಡೆದರೆ ಕಲಿಯುವುದು ಕೈಗೆ ಹೆದರುವುದನ್ನು. 2004ರಲ್ಲಿ ಬ್ರಿಟನ್ನಿನಲ್ಲಿ ನಾಯಿ ಸಾಕಿದವರನ್ನು ವಿಚಾರಿಸಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ ಬಹುಮಾನ ಕೊಟ್ಟು ಕಲಿಸಿದ ನಾಯಿಗಳು ಹೆಚ್ಚು ಮಾತು ಕೇಳುತ್ತಿದ್ದವು, ಶಿಕ್ಷಿಸಿ ಬೆಳೆಸಿದ ನಾಯಿಗಳಲ್ಲಿ ತೊಂದರೆಯ ನಡವಳಿಕೆ ಹೆಚ್ಚು ಕಂಡಿತು. ಇದಕ್ಕೆ ಒಂದು ಎಚ್ಚರಿಕೆ ಸೇರಿಸಲೇಬೇಕು. ಬೀದಿಮರಿಯ ಪೂರ್ವಾಪರ ಗೊತ್ತಿಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲ. ಆಟದಲ್ಲಿ ಚರ್ಮ ಗೀರಿದರೂ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ವೈದ್ಯರಿಗೆ ತೋರಿಸಬೇಕು. ಮರಿಗೆ ಮೂರು ತಿಂಗಳಿಗೆ ರೇಬೀಸ್ ಲಸಿಕೆ ತಪ್ಪಬಾರದು.

ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ ಮನಸ್ಸಿಗೆ ಸಂಬಂಧಿಸಿದ್ದು. ಅಷ್ಟು ಹಚ್ಚಿಕೊಂಡ ಮರಿಯನ್ನು ಆಮೇಲೆ ಬೇರೆಯವರಿಗೆ ಕೊಡುವುದು ಕ್ರೌರ್ಯವಲ್ಲವೇ? 2001ರಲ್ಲಿ ಪ್ರಕಟವಾದ ಬುಡಾಪೆಸ್ಟ್ ಸಂಶೋಧಕರ ಅಧ್ಯಯನದಲ್ಲಿ ಆಶ್ರಯಧಾಮದ ವಯಸ್ಕ ನಾಯಿಗಳ ಜೊತೆ ಅಪರಿಚಿತರೊಬ್ಬರು ಹತ್ತು ಹತ್ತು ನಿಮಿಷದಂತೆ ಮೂರು ಸಲ ಕಳೆದರು. ಅಷ್ಟಕ್ಕೇ ನಾಯಿಗಳು ಅವರನ್ನು ಒಡೆಯರಂತೆ ಹಚ್ಚಿಕೊಳ್ಳುವ ಲಕ್ಷಣ ತೋರಿದವು. 2019ರಲ್ಲಿ ಅಮೆರಿಕದ ಐದು ಆಶ್ರಯಧಾಮಗಳ 207 ನಾಯಿಗಳನ್ನು ಒಂದೆರಡು ರಾತ್ರಿ ಮನೆಗಳಿಗೆ ಕಳಿಸಿ ನೋಡಿದಾಗ ಅವುಗಳ ಮೂತ್ರದಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಇಳಿಯಿತು. ಮರಳಿ ಧಾಮಕ್ಕೆ ಬಂದಾಗ ಅದು ಮೊದಲಿದ್ದ ಮಟ್ಟಕ್ಕೆ ಹೋಯಿತು, ಅದಕ್ಕಿಂತ ಮೇಲೇರಲಿಲ್ಲ. ಅಂದರೆ ಒಳ್ಳೆಯ ಮನೆ ಕಂಡು ಬಿಟ್ಟು ಬಂದದ್ದರಿಂದ ಅವು ಇನ್ನಷ್ಟು ಕುಸಿಯಲಿಲ್ಲ. ಅವು ಬೆಳೆದ ನಾಯಿಗಳು ಎಂಬುದು ನಿಜ. ಆದರೆ ಹೊಸದಕ್ಕೆ ಒಗ್ಗುವುದು ಬೆಳೆದವಕ್ಕೇ ಸಾಧ್ಯವಾದರೆ, ಒಗ್ಗುವ ವಯಸ್ಸಿನಲ್ಲೇ ಇರುವ ಮರಿಗೆ ಆಗದೆನ್ನಲು ಕಾರಣ ಕಾಣದು. ನಮ್ಮ ನೆಲದ ಸಾಕ್ಷಿಯೂ ಉಂಟು. ಮದ್ದೂರು ತಾಲ್ಲೂಕಿನ ಆತಕೂರಿನ ಹತ್ತನೇ ಶತಮಾನದ ಶಾಸನ ಕಾಳಿ ಎಂಬ ನಾಯಿಯ ಕಥೆ ಹೇಳುತ್ತದೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಏನು ಬೇಕೆಂದು ಒಡೆಯ ಕೇಳಿದಾಗ ಅವನು ಬೇಡಿದ್ದು ಈ ಕಾಳಿಯನ್ನು. ಹೀಗೆ ಕೈ ಬದಲಾದ ಕಾಳಿ ಹೊಸ ಒಡೆಯನ ಬಳಿ ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಂತಿತು. ಮನೆ ಬದಲಾದರೆ ನಾಯಿಯ ನಿಷ್ಠೆ ಒಡೆಯುತ್ತದೆಂದು ಆ ಕಲ್ಲು ನಿಲ್ಲಿಸಿದವರಿಗೆ ಅನ್ನಿಸಿರಲಿಲ್ಲ.

ಹಾಗಾದರೆ ನಾವೇ ಇಟ್ಟುಕೊಂಡುಬಿಡೋಣ ಎನ್ನಿಸುವುದು ಸಹಜ. ಅದರಲ್ಲಿ ತಪ್ಪೇನಿಲ್ಲ, ಮನೆಗೂ ಮರಿಗೂ ಹೊಂದಿಕೆಯಾದರೆ ಅದೂ ಒಳ್ಳೆಯ ಕೊನೆಯೇ. ಆದರೆ ಲೆಕ್ಕ ಗೊತ್ತಿರಲಿ. ವರ್ಷಕ್ಕೆ ನಾಲ್ಕು ಮರಿಗಳಿಗೆ ಮೆಟ್ಟಿಲಾಗಬಹುದಾಗಿದ್ದ ಮನೆ ಒಂದಕ್ಕೆ ಕಾಯಂ ಆದರೆ ಉಳಿದ ಮೂರಕ್ಕೆ ಮೆಟ್ಟಿಲಿಲ್ಲ. ಬಿಟ್ಟುಕೊಡುವ ನೋವು ಮುಖ್ಯವಾಗಿ ಮನುಷ್ಯರದು. ಆ ನೋವನ್ನು ಮರಿಯ ಹೆಸರಿಗೆ ಬರೆಯುವುದು ನ್ಯಾಯವಲ್ಲ.

ಕೊನೆಗೆ ಒಪ್ಪಿಸುವ ದಿನ. ಮುದ್ದಾದ ಫೋಟೋ ನೋಡಿ ಬಂದವರಿಗೆ ಸಂಜೆ ಏಳರ ಮರಿಯನ್ನೇ ತೋರಿಸಬೇಕು, ಸಾಧ್ಯವಾದರೆ ಅದೇ ಹೊತ್ತಿಗೆ ಕರೆದು. ‘ತುಂಬಾ ಸಾಧು’ ಎಂಬ ಸುಳ್ಳು ವಾರದೊಳಗೆ ಮರಿಯನ್ನು ವಾಪಸು ತರುತ್ತದೆ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಇದೆಯೇ, ಹಗಲು ಯಾರಿರುತ್ತಾರೆ, ಆರು ತಿಂಗಳ ಹೊತ್ತಿಗೆ ಸಂತಾನಹರಣ ಮಾಡಿಸುವರೇ ಎಂದು ಕೇಳಬೇಕು. ಹಗಲು ಒಂಟಿಯಾಗಿರಬೇಕಾದ ಮರಿಗೆ ಎರಡು ನಿಮಿಷ, ಐದು ನಿಮಿಷ, ಅರ್ಧ ಗಂಟೆ ಎಂದು ಒಂಟಿತನದ ಅಭ್ಯಾಸವನ್ನು ಮೊದಲೇ ಮಾಡಿಸಿರಬೇಕು. ಲಸಿಕೆಯ ಕಾರ್ಡಿನ ಜೊತೆ ಒಂದು ಹಾಳೆಯೂ ಹೋಗಲಿ: ಎಷ್ಟು ಹೊತ್ತಿಗೆ ಏಳುತ್ತದೆ, ಏನು ತಿನ್ನುತ್ತದೆ, ಯಾವ ಸದ್ದಿಗೆ ಇನ್ನೂ ಬೆಚ್ಚುತ್ತದೆ, ಸುಮ್ಮನಾಗಿಸಲು ಏನು ಮಾಡಬೇಕು. ಜೊತೆಗೆ ಅದು ಮಲಗುತ್ತಿದ್ದ ಹಳೇ ಸೀರೆಯ ತುಂಡು, ಒಗೆಯದೆ. ಹೊಸ ಮನೆಯ ಮೊದಲ ರಾತ್ರಿ ಮರಿ ಎಲ್ಲವನ್ನೂ ಮೂಸಿ ನೋಡಿ, ಕೊನೆಗೆ ಆ ತುಂಡಿನ ಮೇಲೆ ಸುತ್ತಿಕೊಂಡು ಮಲಗಿದರೆ, ನಡುವಿನ ಮನೆಯ ಕೆಲಸ ಮುಗಿದಂತೆ.