ಸೆಕೆಂಟಿನ ಅನುಕಲನ

ಅನುಕಲನದ ಸೂತ್ರಗಳ ಪಟ್ಟಿಯನ್ನೆಲ್ಲ ಕಂಠಸ್ಥ ಮಾಡಿಕೊಂಡ ವಿದ್ಯಾರ್ಥಿಯೂ ಲೆಕ್ಕವೊಂದು ಎದುರಾದಾಗ ದಿಕ್ಕುಗೆಡುವುದಕ್ಕೆ ಕಾರಣ ಆತನ ಸ್ಮರಣಶಕ್ತಿಯ ದೌರ್ಬಲ್ಯವಲ್ಲ. ಲೆಕ್ಕವು ಸೂತ್ರದ ವೇಷದಲ್ಲಿಯೇ ಬಂದು ನಿಲ್ಲುವುದಿಲ್ಲವೆಂಬುದೇ ಕಾರಣ. ಅವಕಲನದಲ್ಲಿ ನಿಯಮಗಳನ್ನು ಕ್ರಮವಾಗಿ ಅನ್ವಯಿಸುತ್ತ ಹೋದರೆ ಉತ್ತರವು ತಾನಾಗಿ ಕೈಸೇರುತ್ತದೆ. ಅದರ ವಿಲೋಮವಾದ ಅನುಕಲನದಲ್ಲಾದರೋ, ಬದಲಾವಣೆಯ ದರವನ್ನು ಮಾತ್ರ ಕೊಟ್ಟು, ಅದು ಯಾವ ಫಲನದಿಂದ ಹುಟ್ಟಿತೆಂದು ಕೇಳಲಾಗುತ್ತದೆ.

ಎಕ್ಸಿನ ಘಾತವನ್ನು ಅನುಕಲಿಸಲು ಘಾತಾಂಕಕ್ಕೆ ಒಂದನ್ನು ಕೂಡಿಸಿ, ಬಂದ ಸಂಖ್ಯೆಯಿಂದ ಭಾಗಿಸಬೇಕು. ಎಕ್ಸಿನ ವರ್ಗವು ಘನದ ಮೂರನೆಯ ಒಂದು ಭಾಗವಾಗುವುದು ಹೀಗೆ. ಘಾತಾಂಕವು ಋಣ ಒಂದಾದರೆ ಮಾತ್ರ ಸೊನ್ನೆಯಿಂದ ಭಾಗಿಸಬೇಕಾಗಿ ಬಂದು ಸೂತ್ರವು ಕೈಬಿಡುತ್ತದೆ. ಆಗ ಲಘುಗಣಕವು ನೆರವಿಗೆ ಬರುತ್ತದೆ. ಇದರಿಂದಲೇ, ಅಂಶವು ಛೇದದ ಅವಕಲನವಾಗಿರುವ ಯಾವ ಭಿನ್ನರಾಶಿಗಾದರೂ ಛೇದದ ಲಘುಗಣಕವೇ ಉತ್ತರವೆಂಬ, ಪಟ್ಟಿಯಲ್ಲೆಲ್ಲ ಅತ್ಯಂತ ಉಪಕಾರಿಯಾದ ಸೂತ್ರವು ಸಿದ್ಧಿಸುತ್ತದೆ.

ಈಗ ಸೆಕೆಂಟನ್ನು ಅನುಕಲಿಸಬೇಕೆಂದುಕೊಳ್ಳೋಣ. ಸೆಕೆಂಟನ್ನು ಸೆಕೆಂಟ್ ಮತ್ತು ಟ್ಯಾಂಜೆಂಟುಗಳ ಮೊತ್ತದಿಂದ ಗುಣಿಸಿ ಅದರಿಂದಲೇ ಭಾಗಿಸಿದರೆ, ಅಂಶವು ಛೇದದ ಅವಕಲನವಾಗಿ, ಆ ಮೊತ್ತದ ಲಘುಗಣಕವೇ ಉತ್ತರವೆಂದು ಪಠ್ಯಪುಸ್ತಕವು ಎರಡು ಸಾಲಿನಲ್ಲಿ ಮುಗಿಸುತ್ತದೆ. ಹಾಗೆ ಗುಣಿಸಬೇಕೆಂದು ಯಾರಿಗೆ ತಾನೇ ಹೊಳೆದೀತು? ಉತ್ತರವನ್ನು ಮೊದಲೇ ಬಲ್ಲವನಿಗಲ್ಲದೆ ಹೊಳೆಯದು.

ಆ ಉತ್ತರವಾದರೂ ಬಂದದ್ದು ಕಡಲಿನ ಕಡೆಯಿಂದ. 1569ರಲ್ಲಿ ಮರ್ಕೇಟರನು ರಚಿಸಿದ ಭೂಪಟದಲ್ಲಿ, ಧ್ರುವದಲ್ಲಿ ಕೂಡಬೇಕಾದ ರೇಖಾಂಶಗಳು ಸಮಾಂತರವಾಗಿ ನಿಂತುದರಿಂದ, ಪ್ರತಿ ಅಕ್ಷಾಂಶದಲ್ಲಿಯೂ ಪೂರ್ವಪಶ್ಚಿಮದ ಅಳತೆಯು ಆ ಅಕ್ಷಾಂಶದ ಸೆಕೆಂಟಿನಷ್ಟು ಹಿಗ್ಗುತ್ತಿತ್ತು. ನಾವಿಕನ ದಿಕ್ಕು ತಪ್ಪದಿರಬೇಕಾದರೆ ಉತ್ತರದಕ್ಷಿಣವನ್ನೂ ಅಷ್ಟೇ ಹಿಗ್ಗಿಸಬೇಕಿತ್ತು. ಎಂದರೆ, ಭೂಪಟದಲ್ಲಿ ಒಂದು ಅಕ್ಷಾಂಶವು ಸಮಭಾಜಕದಿಂದ ಇರಬೇಕಾದ ದೂರವು ಅಲ್ಲಿಯವರೆಗಿನ ಸೆಕೆಂಟುಗಳ ಒಟ್ಟು ಸಂಕಲನ. ಇಂಗ್ಲೆಂಡಿನ ಎಡ್ವರ್ಡ್ ರೈಟನು ಒಂದೊಂದು ಕಲೆಯ (ಮಿನಿಟಿನ) ಅಂತರದಲ್ಲಿ ಸೆಕೆಂಟುಗಳನ್ನು ಕೂಡಿಸಿ, 1599ರಲ್ಲಿ ಕೋಷ್ಟಕವನ್ನು ಪ್ರಕಟಿಸಿದನು. ಆಗ ನ್ಯೂಟನ್ನನಾಗಲಿ ಲೈಬ್ನಿಟ್ಸನಾಗಲಿ ಹುಟ್ಟಿರಲಿಲ್ಲ. ನೇಪಿಯರನ ಲಘುಗಣಕವು ಬೆಳಕಿಗೆ ಬಂದುದೂ 1614ರಲ್ಲಿ. 1645ರ ಸುಮಾರಿಗೆ ಹೆನ್ರಿ ಬಾಂಡನೆಂಬ ನೌಕಾಗಣಿತದ ಬೋಧಕನು, ರೈಟನ ಕೋಷ್ಟಕವು ಟ್ಯಾಂಜೆಂಟಿನ ಲಘುಗಣಕಗಳ ಕೋಷ್ಟಕದೊಡನೆ ಹೊಂದುವುದನ್ನು ಕಂಡನು. ಕಂಡನೇ ಹೊರತು ಸಾಧಿಸಲಿಲ್ಲ. 1666ರಲ್ಲಿ ನಿಕೊಲಾಸ್ ಮರ್ಕೇಟರನು (ಭೂಪಟದವನಲ್ಲ, ಬೇರೊಬ್ಬ) ಇದರ ಸಾಧನೆಗೆ ಪಣವನ್ನೇ ಒಡ್ಡಿದನು. 1668ರಲ್ಲಿ ಜೇಮ್ಸ್ ಗ್ರೆಗೊರಿಯು ಕೊಟ್ಟ ಸಾಧನೆಯಾದರೋ ಬಹು ಜಟಿಲವಾದುದು.

ಸುಗಮವಾದ ಹಾದಿಯನ್ನು ತೆರೆದವನು 1670ರಲ್ಲಿ ಐಸಾಕ್ ಬ್ಯಾರೋ. ಆತನ ಜ್ಯಾಮಿತಿಯ ಭಾಷೆಯನ್ನು ಇಂದಿನ ಬರೆವಣಿಗೆಗೆ ತಂದರೆ ಹೀಗೆ: ಸೆಕೆಂಟೆಂದರೆ ಕೊಸೈನಿನ ವ್ಯುತ್ಕ್ರಮ; ಮೇಲೂ ಕೆಳಗೂ ಕೊಸೈನಿನಿಂದ ಗುಣಿಸಿದರೆ, ಛೇದವು ಒಂದರಲ್ಲಿ ಸೈನಿನ ವರ್ಗವನ್ನು ಕಳೆದುದಾಗುತ್ತದೆ. ಸೈನಿಗೆ ಬೇರೊಂದು ಅಕ್ಷರವನ್ನು ಆದೇಶಿಸಿ, ಭಿನ್ನರಾಶಿಯನ್ನು ಎರಡಾಗಿ ಒಡೆದರೆ, ಎರಡಕ್ಕೂ ಮೇಲೆ ಹೇಳಿದ ಲಘುಗಣಕದ ಸೂತ್ರವೇ ಸಾಕು. ಕರಿಹಲಗೆಯ ಮೇಲೆ ಇದಕ್ಕೆ ಎರಡು ಮೂರು ಸಾಲು ಹೆಚ್ಚು ಬೇಕಾಗಬಹುದು. ಆದರೂ ಅಧ್ಯಾಪಕರು ಇದನ್ನೇ ಮೊದಲು ತೋರಿಸುವುದು ಲೇಸೆಂದು ನನ್ನ ಅಭಿಪ್ರಾಯ, ಏಕೆಂದರೆ ಇಲ್ಲಿನ ಪ್ರತಿಯೊಂದು ಹೆಜ್ಜೆಯೂ ಹಿಂದಿನದರಿಂದ ಹುಟ್ಟುವಂಥದು. ಕೊನೆಗೆ ಸೇರಿಸಲು ಮರೆತು ವಿದ್ಯಾರ್ಥಿಗಳು ಅಂಕ ಕಳೆದುಕೊಳ್ಳುವ ಆ ಅನುಕಲನದ ಸ್ಥಿರಾಂಕವಾದರೋ, ಭೂಪಟದ ಮಟ್ಟಿಗೆ ಸೊನ್ನೆಯೇ. ಸಮಭಾಜಕದಲ್ಲಿ ನಿಂತ ಹಡಗಿಗೆ ಸಮಭಾಜಕದಿಂದ ದೂರವೆಲ್ಲಿಯದು!